ಮೂರು ಬೆರಳು, ಒಂದು ಗುಟುಕು

ಗುಬ್ಬಿಯಲ್ಲೊಂದು ಹಳೆಯ ಮನೆ. ಅಂಗಳದ ತುಂಬ ಬೇಯಿಸಿದ ಅಡಿಕೆ ಒಣಗುತ್ತಿದೆ, ಚೊಗರಿನ ವಾಸನೆ ಪಡಸಾಲೆಯವರೆಗೂ ಬರುತ್ತಿದೆ. ಗೋಡೆಗೆ ಒರಗಿಸಿದ ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲಿ ಕೂತಿರುವ ಹಿರಿಯರಿಗೆ ಎಪ್ಪತ್ತೆರಡು. ನಲವತ್ತು ವರ್ಷ ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವರು, ಪಾತ್ರಧಾರಿ ಕೈಕೊಟ್ಟ ರಾತ್ರಿ ತಾವೇ ಬಣ್ಣ ಹಚ್ಚಿ ಹಾಡಿದವರು. ಎದುರಿಗೆ ಕೂತವಳು ಅವರ ತಂಗಿಯ ಮಗಳು. ಕುಣಿಗಲ್ ಕಡೆಯ ಹುಡುಗಿ, ತುಮಕೂರಿನ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು. ವಾರದ ರಜೆಯಲ್ಲಿ ಮಾವನ ಕತ್ತಿನ ಗಂಟು ನೋಡಲು ಬಂದಿದ್ದಾಳೆ. ಮಾತು ಹೀಗೆ ಶುರುವಾಯಿತು.

ಹಿರಿಯರು: ಫೈಲು ಆಮೇಲೆ ನೋಡುವೆಯಂತೆ, ಮೊದಲು ಕಾಫಿ ಕುಡಿಯಮ್ಮ. ರಜೆ ದಿನವೂ ಕಾಗದದ ಮೇಲೇ ಕಣ್ಣು ನಿಂದು.

ಕಿರಿಯಳು: ಕುಡೀತೀನಿ ಮಾವ. ನೀವು ಈ ಲೋಟದ ನೀರು ಒಂದು ಗುಟುಕು ತಗೊಳ್ಳಿ. ನುಂಗಬೇಡಿ, ಬಾಯಲ್ಲೇ ಇರಲಿ. ಕನ್ನಡಿ ಕಡೆ ತಿರುಗಿ, ಗದ್ದ ಸ್ವಲ್ಪ ಮೇಲೆತ್ತಿ. ಹ್ಞಾಂ, ಈಗ ನುಂಗಿ.

ಹಿರಿಯರು: ಎಲಾ ಇವನ! ಗಂಟು ಮೇಲಕ್ಕೆ ಹೋಗಿ ಕೆಳಕ್ಕೆ ಬಂತಲ್ಲ. ಇಷ್ಟು ವರ್ಷ ಇದೆ, ನಾನು ನೋಡೇ ಇರಲಿಲ್ಲ.

ಕಿರಿಯಳು: ಥೈರಾಯ್ಡ್ ಉಸಿರಿನ ಕೊಳವೆಗೆ ಅಂಟಿಕೊಂಡಿರುತ್ತೆ. ನುಂಗಿದಾಗ ಕೊಳವೆ ಏರುತ್ತೆ, ಜೊತೆಗೆ ಅದೂ ಏರುತ್ತೆ. ಕತ್ತಿನ ಬೇರೆ ಗಂಟುಗಳು ಸಾಮಾನ್ಯವಾಗಿ ಹಾಗೆ ಓಡಾಡಲ್ಲ. ಸ್ಕ್ಯಾನಿಂಗಿನಲ್ಲಿ ಮೂರು ಸೆಂಟಿಮೀಟರ್ ಅಂತ ಬರೆದಿದ್ದಾರೆ. ಸೂಜಿ ಪರೀಕ್ಷೆ ರಿಪೋರ್ಟು ಬೆಥೆಸ್ಡಾ ಮೂರು.

ಹಿರಿಯರು: ಅದೇನು ರಾಗವೋ ತಾಳವೋ?

ಕಿರಿಯಳು: ದರ್ಜೆ ಮಾವ. ಸೂಜಿಯಲ್ಲಿ ಬಂದ ಜೀವಕೋಶ ನೋಡಿ ಆರು ದರ್ಜೆ ಮಾಡ್ತಾರೆ. ಎರಡು ಅಂದ್ರೆ ನಿರುಪದ್ರವಿ, ಆರು ಅಂದ್ರೆ ಕ್ಯಾನ್ಸರ್. ಮೂರು ಅಂದ್ರೆ ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ. ಈ ದರ್ಜೆ ಬಂದು ಆಪರೇಷನ್ ಆದ ಗಂಟುಗಳಲ್ಲಿ ಹೆಚ್ಚುಕಮ್ಮಿ ಐದಕ್ಕೊಂದು ಕ್ಯಾನ್ಸರ್ ಆಗಿರುತ್ತೆ. ಅದಕ್ಕೇ ಗ್ರಂಥಿಯ ಬಲ ಅರ್ಧ ತೆಗೆಸಿಬಿಡಿ ಅಂತ ಡಾಕ್ಟರು ಬರೆದಿರೋದು.

ಹಿರಿಯರು: ಅಂದ್ರೆ ಐದು ಜನರಲ್ಲಿ ನಾಲ್ವರು ಸುಮ್ಮನೆ ಕತ್ತು ಕೊಯ್ಸಿಕೊಂಡ ಹಾಗಾಯ್ತು. ಲೆಕ್ಕ ಸರಿಯಾ?

ಕಿರಿಯಳು: ಸರಿ. ಆದರೆ ನೀವು ಆ ನಾಲ್ವರಲ್ಲಿ ಒಬ್ಬರೋ ಐದನೆಯವರೋ ಅಂತ ಹೊರಗಿನಿಂದ ಹೇಳೋಕೆ ಬರಲ್ಲವಲ್ಲ. ಥೈರಾಯ್ಡ್ ಗಂಟು ಹೆಂಗಸರಲ್ಲೇ ಹೆಚ್ಚು, ಗಂಡಸರಿಗೆ ಬಂದಾಗ ಅನುಮಾನ ಜಾಸ್ತಿ. ವಯಸ್ಸೂ ನಿಮ್ಮ ಪರವಾಗಿಲ್ಲ.

ಹಿರಿಯರು: ಇಪ್ಪತ್ತು ವರ್ಷದಿಂದ ನನ್ನ ಜೊತೆ ಸಂಸಾರ ಮಾಡ್ತಿದೆ ಇದು. ಉಣ್ಣೋಕೆ ತಡೆದಿಲ್ಲ, ಉಸಿರಿಗೆ ತಡೆದಿಲ್ಲ, ಹಾಡೋಕೆ ತಡೆದಿಲ್ಲ. ಅನುಮಾನ ಬಂದದ್ದು ಸ್ಕ್ಯಾನಿಂಗ್ ಮಾಡಿಸಿದ ಮೇಲೆ. ಮಾಡಿಸದೇ ಇದ್ದಿದ್ರೆ?

ಕಿರಿಯಳು: ಇದಕ್ಕೆ ನಾನು ಪ್ರಾಮಾಣಿಕವಾಗಿ ಒಪ್ಪಿಕೋಬೇಕು. ದಕ್ಷಿಣ ಕೊರಿಯಾದಲ್ಲಿ ಇದೇ ಆಯ್ತು. ಊರಿಗೂರೇ ಕತ್ತು ಸ್ಕ್ಯಾನ್ ಮಾಡಿಸಿಕೊಂಡ್ರು. 1993ಕ್ಕೆ ಹೋಲಿಸಿದ್ರೆ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ 15 ಪಟ್ಟು ಆಯ್ತು. ಸಾಯೋರ ಸಂಖ್ಯೆ ಮಾತ್ರ ಇದ್ದಷ್ಟೇ ಇತ್ತು. ಸಿಕ್ಕಿದ್ದೆಲ್ಲ ಕ್ಯಾನ್ಸರೇ, ಆದರೆ ಬಹುಪಾಲು ಯಾರನ್ನೂ ಕೊಲ್ಲದ ಕ್ಯಾನ್ಸರ್. ಆಪರೇಷನ್ ಆದ ನೂರು ಜನರಲ್ಲಿ ಸುಮಾರು 11 ಮಂದಿಗೆ ಕ್ಯಾಲ್ಸಿಯಂ ತೊಂದರೆ, ಇಬ್ಬರಿಗೆ ಧ್ವನಿತಂತು ಬಿದ್ದುಹೋಯ್ತು. 2014ರಲ್ಲಿ ಅಲ್ಲಿನ ಕೆಲವು ವೈದ್ಯರೇ ಮುಂದೆ ಬಂದು ಸಾಕು ನಿಲ್ಲಿಸಿ ಅಂದ್ರು.

ಹಿರಿಯರು: ನೋಡು! ನನ್ನ ಕಡೆ ಸಾಕ್ಷಿ ನೀನೇ ಹೇಳಿದೆ.

ಕಿರಿಯಳು: ಪೂರ್ತಿ ಕೇಳಿ. ಜಪಾನಿನ ಕೋಬೆಯಲ್ಲಿ ಕೂಮಾ ಆಸ್ಪತ್ರೆ ಅಂತಿದೆ. ಅಲ್ಲಿ 1993ರಿಂದ ಚಿಕ್ಕ ಥೈರಾಯ್ಡ್ ಕ್ಯಾನ್ಸರನ್ನ ಆಪರೇಷನ್ ಮಾಡದೆ ಕಾದು ನೋಡ್ತಿದ್ದಾರೆ. ಹತ್ತು ವರ್ಷದಲ್ಲಿ ನೂರಕ್ಕೆ ಎಂಟು ಮಾತ್ರ ಮೂರು ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬೆಳೆದವು. ಆದರೆ ಅವೆಲ್ಲ ಒಂದು ಸೆಂಟಿಮೀಟರ್ ಒಳಗಿನವು. ನಿಮ್ಮದು ಮೂರು. ಇನ್ನೊಂದು ವಿಷಯ, ಅಲ್ಲಿ ಕಾಯೋದು ಅಂದ್ರೆ ಮರೆತು ಕೂರೋದಲ್ಲ, ತಪ್ಪದೆ ಸ್ಕ್ಯಾನಿಂಗಿಗೆ ಬರಬೇಕು. ನೀವು ಹೋದ ಸಲ ಆರು ತಿಂಗಳಿಗೆ ಬನ್ನಿ ಅಂದಿದ್ದಕ್ಕೆ ಎಷ್ಟು ದಿನಕ್ಕೆ ಹೋದ್ರಿ?

ಹಿರಿಯರು: ಎರಡು ವರ್ಷ ಆಗಿತ್ತು ಅನ್ನಿಸುತ್ತೆ.

ಕಿರಿಯಳು: ಅದಕ್ಕೇ ಡಾಕ್ಟರುಗಳು ನಮ್ಮ ಕಡೆಯೋರಿಗೆ ಕಾಯಿರಿ ಅನ್ನೋಕೆ ಹೆದರೋದು.

ಹಿರಿಯರು: ನಾನು ಯಾತಕ್ಕೆ ಹೆದರ್ತೀನಿ ಅಂತ ಗೊತ್ತಾ ನಿನಗೆ? ಸಾವಿಗಲ್ಲ ಕಣಮ್ಮ. ಇದು ಗುಬ್ಬಿ. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರು. ಗುಬ್ಬಿ ವೀರಣ್ಣನೋರ ಕಾಲದಿಂದ ಕಂಠ ಇದ್ದೋನಿಗೇ ಇಲ್ಲಿ ಬೆಲೆ. ಮೈಕು ಇಲ್ಲದ ಕಾಲದಲ್ಲಿ ಕೊನೇ ಸಾಲಿನಲ್ಲಿ ನೆಲಕ್ಕೆ ಕೂತೋನಿಗೂ ಕೇಳಿಸಬೇಕಿತ್ತು. ಸಂಜೆ ಹೊತ್ತು ನಾಲ್ಕು ಹುಡುಗರು ಇವತ್ತಿಗೂ ನನ್ನ ಹತ್ರ ರಂಗಗೀತೆ ಕಲಿಯೋಕೆ ಬರ್ತಾರೆ. ತಾರಸ್ಥಾಯಿ ಮುಟ್ಟಿ ತೋರಿಸದೇ ಹೋದ್ರೆ ನಾನು ಅವರಿಗೆ ಯಾತರ ಮೇಷ್ಟ್ರು?

ಕಿರಿಯಳು: ನಿಮ್ಮ ಭಯ ಸುಳ್ಳಲ್ಲ. ಥೈರಾಯ್ಡ್ ಹಿಂದೆ ಎರಡು ನರ ಇವೆ, ಎರಡೂ ಧ್ವನಿಗೆ ಸಂಬಂಧಪಟ್ಟವು. ಒಂದರ ದಾರಿ ಕೇಳಿದ್ರೆ ನಗು ಬರುತ್ತೆ. ಮೆದುಳಿನಿಂದ ಗಂಟಲಿಗೆ ಬರಬೇಕಾದ್ದು, ಗಂಟಲು ದಾಟಿ ಎದೆಗೆ ಇಳಿದು, ಎಡಗಡೆಯದು ಹೃದಯದ ದೊಡ್ಡ ರಕ್ತನಾಳಕ್ಕೆ ಸುತ್ತು ಹಾಕಿ, ತಿರುಗಿ ಮೇಲಕ್ಕೆ ಬರುತ್ತೆ. ಕುಣಿಗಲ್‌ನಿಂದ ಗುಬ್ಬಿಗೆ ಬರೋನು ಬೆಂಗಳೂರಿಗೆ ಹೋಗಿ ಬಸ್ಸು ಹಿಡಿದ ಹಾಗೆ.

ಹಿರಿಯರು: ದೇವರಿಗೂ ನೇರ ಬಸ್ಸು ಸಿಗಲಿಲ್ಲ ಅನ್ನು.

ಕಿರಿಯಳು: ದಾರದ ಎಳೆಯಷ್ಟು ದಪ್ಪ. ಗ್ರಂಥಿಯ ಬೆನ್ನಿಗೇ ಅಂಟಿ ಸಾಗುತ್ತೆ. ಅದಕ್ಕೆ ಪೆಟ್ಟಾದ್ರೆ ಆ ಕಡೆಯ ಧ್ವನಿತಂತು ನಿಂತುಹೋಗಿ ಮಾತು ಗಾಳಿಗಾಳಿಯಾಗುತ್ತೆ, ನೀರು ಕುಡಿದ್ರೆ ನೆತ್ತಿಗೇರುತ್ತೆ. ಇನ್ನೊಂದು ನರ ಗ್ರಂಥಿಯ ಮೇಲಿನ ತುದಿ ಹತ್ರ. ಅದು ಧ್ವನಿತಂತುವನ್ನ ಬಿಗಿ ಮಾಡೋದು.

ಹಿರಿಯರು: ಬಿಗಿ ಮಾಡೋದು ಅಂದ್ರೆ ಶ್ರುತಿ ಏರಿಸೋದು. ಹಾಗಿದ್ರೆ ಮೊದಲನೇದು ತಿದಿ, ಎರಡನೇದು ರೀಡು. ತಿದಿ ತೂತಾದ್ರೆ ಪೆಟ್ಟಿಗೆಯೇ ಸುಮ್ಮನಾಗುತ್ತೆ, ಎಲ್ಲರಿಗೂ ಗೊತ್ತಾಗುತ್ತೆ. ರೀಡು ಕೆಟ್ಟರೆ ಮೇಲಿನ ಸ್ವರ ಮಾತ್ರ ಕೈಕೊಡುತ್ತೆ, ನುಡಿಸೋನಿಗೆ ಬಿಟ್ಟು ಬೇರೆಯೋರಿಗೆ ಗೊತ್ತೇ ಆಗಲ್ಲ.

ಕಿರಿಯಳು: ಎಷ್ಟು ಸರಿಯಾಗಿ ಹೇಳಿದ್ರಿ! ಆಪರೇಷನ್ ಆದ ಮಾರನೇ ದಿನ ರೌಂಡ್ಸಿನಲ್ಲಿ ಡಾಕ್ಟರು 'ಹೆಸರು ಹೇಳಿ' ಅಂತಾರೆ, ಪೇಷಂಟು ಹೆಸರು ಹೇಳ್ತಾರೆ, ಧ್ವನಿ ಚೆನ್ನಾಗಿದೆ ಅಂತ ಬರೆದುಕೊಳ್ತಾರೆ. ಮೇಲಿನ ಸ್ಥಾಯಿ ಯಾರೂ ಕೇಳಲ್ಲ. ಗಾಲಿ ಕುರ್ಚಿ ಅಂತ ಒಬ್ಬರು ಇಟಲಿಯ ಗಾಯಕಿ ಇದ್ರು.

ಹಿರಿಯರು: ಗಾಲಿಕುರ್ಚಿಯಾ!

ಕಿರಿಯಳು: ಮನೆತನದ ಹೆಸರೇ ಹಾಗೆ ಮಾವ, ಅಮೆಲಿಟಾ ಗಾಲಿ ಕುರ್ಚಿ. 1935ರಲ್ಲಿ ಷಿಕಾಗೋದಲ್ಲಿ ಥೈರಾಯ್ಡ್ ಆಪರೇಷನ್ ಮಾಡಿಸಿಕೊಂಡ್ರು. ಆಮೇಲೆ ಕಂಠ ಹೋಯ್ತು ಅಂತ ವೈದ್ಯ ಪುಸ್ತಕಗಳಲ್ಲೇ ಕಥೆಯಾಯ್ತು. ಅವರ ಧ್ವನಿ ಅದಕ್ಕೂ ಮೊದಲೇ ಇಳಿಮುಖ ಆಗಿತ್ತು, ನರಕ್ಕೆ ಪೆಟ್ಟಾಗಿತ್ತು ಅನ್ನೋದಕ್ಕೆ ಆಧಾರ ಸಾಲದು ಅಂತ ಇತ್ತೀಚೆಗೆ ಕೆಲವರು ವಾದಿಸಿದ್ದಾರೆ. ಏನೇ ಆಗಲಿ, ಆ ಮೇಲಿನ ನರವನ್ನ ಇವತ್ತಿಗೂ ಆಕೆಯ ಹೆಸರಲ್ಲೇ ನೆನೆಯೋರಿದ್ದಾರೆ.

ಹಿರಿಯರು: ಇಷ್ಟೆಲ್ಲ ಹೇಳಿ ನನ್ನನ್ನ ಆಪರೇಷನ್ನಿಗೆ ಒಪ್ಪಿಸ್ತಿದ್ದೀಯೋ, ಓಡಿಸ್ತಿದ್ದೀಯೋ?

ಕಿರಿಯಳು: ಅಪಾಯ ಎಷ್ಟು ಅಂತ ಗೊತ್ತಾಗಲಿ ಅಂತ. ನುರಿತ ಕೈಯಲ್ಲಿ ಕೆಳಗಿನ ನರ ಶಾಶ್ವತವಾಗಿ ಕೆಡೋದು ನೂರಕ್ಕೆ ಒಂದೋ ಎರಡೋ. ಸ್ವಲ್ಪ ದಿನ ಧ್ವನಿ ಒಡೆದು ಸರಿಹೋಗೋದು ಅದಕ್ಕಿಂತ ಜಾಸ್ತಿ. ನರವನ್ನ ಕಣ್ಣಾರೆ ಕಂಡುಕೊಂಡು ಮುಂದುವರಿಬೇಕು ಅಂತ ಅಮೆರಿಕದ ಸರ್ಜನ್ ಲೇಹಿ 1938ರಲ್ಲೇ ಹೇಳಿದ್ರು. ಇವತ್ತಿಗೂ ಅದೇ ನಿಯಮ.

ಹಿರಿಯರು: 'ನುರಿತ ಕೈ' ಅಂದೆಯಲ್ಲ, ಅಲ್ಲಿದೆ ವಿಷಯ. ಕೈ ನುರಿತಿದೆ ಅಂತ ನಾನು ಹೆಂಗೆ ತಿಳಿಯೋದು? ಬೋರ್ಡಿನಲ್ಲಿ ಹೆಸರಿನ ಮುಂದೆ ಇಂಗ್ಲಿಷ್ ಅಕ್ಷರ ಎಷ್ಟಿವೆ ಅಂತ ಎಣಿಸಲಾ?

ಕಿರಿಯಳು: ಕೇಳಿ. 'ಡಾಕ್ಟ್ರೇ, ವರ್ಷಕ್ಕೆ ಎಷ್ಟು ಥೈರಾಯ್ಡ್ ಮಾಡ್ತೀರಿ' ಅಂತ. ಅಮೆರಿಕದಲ್ಲಿ ಸುಮಾರು 17,000 ಆಪರೇಷನ್ನುಗಳ ದಾಖಲೆ ನೋಡಿ 2017ರಲ್ಲಿ ಒಂದು ಅಧ್ಯಯನ ಬಂತು. ಪೂರ್ತಿ ಥೈರಾಯ್ಡ್ ತೆಗೆಯೋ ಆಪರೇಷನ್ ವರ್ಷಕ್ಕೆ 25ಕ್ಕಿಂತ ಹೆಚ್ಚು ಮಾಡೋರ ಕೈಯಲ್ಲಿ ತೊಂದರೆ ಕಡಿಮೆ ಅಂತ ಗೊತ್ತಾಯ್ತು. ತಮಾಷೆ ಅಂದ್ರೆ ಅಲ್ಲಿನ ಸರ್ಜನ್ನುಗಳಲ್ಲೂ ಅರ್ಧದಷ್ಟು ಜನ ವರ್ಷಕ್ಕೆ ಒಂದೇ ಒಂದು ಮಾಡಿದ್ರು.

ಹಿರಿಯರು: ಇದು ನನಗೆ ಅರ್ಥವಾಗೋ ಮಾತು. ದಿನಾ ಬಣ್ಣ ಹಚ್ಚೋನೇ ಬೇರೆ, ಊರ ಜಾತ್ರೆಗೆ ವರ್ಷಕ್ಕೊಮ್ಮೆ ದುರ್ಯೋಧನ ಆಗೋನೇ ಬೇರೆ. ಜಾತ್ರೆ ದುರ್ಯೋಧನನ ಗದೆ ಎತ್ತಲಾಗಿ ಬೀಳುತ್ತೋ ಹೇಳೋಕಾಗಲ್ಲ.

ಕಿರಿಯಳು: ಅದಕ್ಕೇ ನಾನು ಹೇಳೋದು, ಬೆಂಗಳೂರಿಗೇ ಹೋಗೋಣ. 70 ಕಿಲೋಮೀಟರ್ ಅಷ್ಟೇ ತುಮಕೂರಿಂದ.

ಹಿರಿಯರು: ಇಲ್ಲಿ ನಾನು ಒಪ್ಪಲ್ಲ. ನೀನು ಆಪರೇಷನ್ ಮೇಜಿನ ಲೆಕ್ಕ ಹೇಳಿದೆ, ನಾನು ಮನೆಯ ಲೆಕ್ಕ ಹೇಳ್ತೀನಿ. ಪಕ್ಕದ ಬೀದಿಯ ಹೆಣ್ಣುಮಗಳು, ಪೂರ್ತಿ ಗ್ರಂಥಿ ತೆಗೆಸಿಕೊಂಡಳು. ಊರಿನ ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ, ದೊಡ್ಡ ಜಾಗವೇ. ಮೂರನೇ ದಿನ ಮನೆಗೆ ಕಳಿಸಿದ್ರು. ಆವತ್ತು ರಾತ್ರಿ ಅವಳ ಬೆರಳ ತುದಿ ಜುಮುಜುಮು, ತುಟಿ ಸುತ್ತ ಇರುವೆ ಹರಿದ ಹಾಗೆ. ಬೆಳಗಿನ ಜಾವಕ್ಕೆ ಎರಡೂ ಕೈ ಸೆಟೆದು ಹಕ್ಕಿಯ ಕೊಕ್ಕಿನ ಹಾಗೆ ಆಯ್ತು. ಮನೆಯೋರು ದೆವ್ವ ಅಂದ್ಕೊಂಡ್ರು. ಫೋನ್ ಮಾಡಿದ್ರೆ ಅಲ್ಲಿ ಎತ್ತೋರಿಲ್ಲ. ಕೊನೆಗೆ ಕಾಪಾಡಿದ್ದು ಇಲ್ಲಿನ ಸರ್ಕಾರಿ ಆಸ್ಪತ್ರೆ, ಒಂದು ಇಂಜೆಕ್ಷನ್.

ಕಿರಿಯಳು: ಕ್ಯಾಲ್ಸಿಯಂ ಇಳಿದಿತ್ತು. ಥೈರಾಯ್ಡ್ ಬೆನ್ನಿಗೆ ಅಕ್ಕಿಕಾಳಿನಷ್ಟು ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿ ಇರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಕಾಯೋದು ಅವೇ. ಅವನ್ನ ಮೊದಲು ಕಂಡದ್ದು ಮನುಷ್ಯನಲ್ಲೂ ಅಲ್ಲ, ನಮ್ಮ ದೇಶದ ಘೇಂಡಾಮೃಗದಲ್ಲಿ. ಲಂಡನ್ ಮೃಗಾಲಯದಲ್ಲಿ 1849ರಲ್ಲಿ ಸತ್ತ ಪ್ರಾಣಿಯನ್ನ ರಿಚರ್ಡ್ ಓವನ್ ಕೊಯ್ದು ನೋಡಿದಾಗ. ಮನುಷ್ಯನಲ್ಲಿ ಇವೆ ಅಂತ 1880ರಲ್ಲಿ ಸ್ವೀಡನ್ನಿನ ಸ್ಯಾಂಡ್‌ಸ್ಟ್ರೋಮ್ ಅನ್ನೋ ವೈದ್ಯ ವಿದ್ಯಾರ್ಥಿ ತೋರಿಸಿಕೊಟ್ಟ. ಆಪರೇಷನ್ನಿನಲ್ಲಿ ಅವಕ್ಕೆ ರಕ್ತ ಹರಿಯೋದು ತಪ್ಪಿದ್ರೆ ನೀವು ಹೇಳಿದ್ದೇ ಆಗುತ್ತೆ. ನಿಮಗೆ ಅರ್ಧ ಮಾತ್ರ ತೆಗೆಯೋದು ಮಾವ, ಇನ್ನೊಂದು ಮಗ್ಗುಲಿನ ಎರಡು ಹಾಗೇ ಇರ್ತವೆ. ಆ ಭಯ ನಿಮಗೆ ಬಹಳ ಕಡಿಮೆ.

ಹಿರಿಯರು: ನನ್ನ ಕ್ಯಾಲ್ಸಿಯಂ ಬಿಡು. ಆ ಹೆಣ್ಣುಮಗಳ ಆಪರೇಷನ್ನನ್ನ ಆ ಆಸ್ಪತ್ರೆ ಯಾವ ಖಾನೆಗೆ ಬರ್ಕೊಂಡಿತು? ಯಶಸ್ವಿ ಅಂತ ತಾನೇ? ಹೊಲಿಗೆ ಬಿಚ್ಚಿದ ದಿನ ಅವಳ ಕತ್ತು ನೋಡಿದ್ರೆ ಗೀರು ಕೂಡ ಕಾಣ್ತಿರಲಿಲ್ಲ, ಅಷ್ಟು ಚೆಂದ. ಇವತ್ತಿಗೂ ಮೂರು ಹೊತ್ತು ಕ್ಯಾಲ್ಸಿಯಂ ಮಾತ್ರೆ ನುಂಗ್ತಾಳೆ, ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗಿ ಕಾಫಿಗೆ ಒಂದು ಗಂಟೆ ಕಾಯ್ತಾಳೆ. ಅದು ಯಾವ ದಾಖಲೆಯಲ್ಲಿದೆ?

ಕಿರಿಯಳು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಎಲ್ಲೂ ಇರಲ್ಲ. ಡಿಸ್ಚಾರ್ಜ್ ಶೀಟಿನಲ್ಲಿ 'ಸ್ಥಿತಿ ಉತ್ತಮ' ಅಂತ ಬರೆದು ಫೈಲು ಕಟ್ಟಿಡ್ತೀವಿ. ನೀವು ಕೇಳಿದ್ದನ್ನೇ ಹಿಂದೊಬ್ಬ ಸರ್ಜನ್ ತನಗೆ ತಾನೇ ಕೇಳಿಕೊಂಡಿದ್ದ. ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ಕೋಚರ್. ಬೆಟ್ಟದ ಸೀಮೆ, ಅಯೋಡಿನ್ ಇಲ್ಲದ ನೀರು, ಮನೆಗೊಂದು ಗಳಗಂಡ. ನಮ್ಮ ಚಿಕ್ಕಮಗಳೂರು, ಕೊಡಗಿನ ಕಡೆ ಹಿಂದೆ ಇತ್ತಲ್ಲ, ಹಾಗೆ. ಆ ಕಾಲಕ್ಕೆ ಥೈರಾಯ್ಡ್ ಕೊಯ್ದರೆ ರಕ್ತ ಹರಿದು ಸಾಯೋರೇ ಬಹಳ. ಕೋಚರ್ ನಿಧಾನವಾಗಿ, ಒಂದೊಂದೇ ರಕ್ತನಾಳ ಕಟ್ಟಿ, ಸಾವನ್ನ ಇಳಿಸುತ್ತಾ ಬಂದ, ಮುಂದೆ ಅದು ನೂರಕ್ಕೆ ಒಂದಕ್ಕಿಂತ ಕೆಳಕ್ಕೂ ಹೋಯ್ತು. ಊರೆಲ್ಲ ಹೊಗಳಿತು. ಆದರೆ ಅವನು ಪೂರ್ತಿ ಗ್ರಂಥಿ ತೆಗೆದ ಒಂದು ಹುಡುಗಿ ಮಂಕಾಗಿದ್ದಾಳೆ, ಬೆಳೆದಿಲ್ಲ ಅಂತ ಸುದ್ದಿ ಬಂತು. ಆಗ ಹಳೇ ರೋಗಿಗಳಿಗೆಲ್ಲ ಕಾಗದ ಬರೆದು ವಾಪಸ್ ಕರೆಸಿದ. ಪೂರ್ತಿ ತೆಗೆಸಿಕೊಂಡೋರಲ್ಲಿ ಬಂದವರು ಹೆಚ್ಚಿನಂಶ ಊದಿಕೊಂಡು, ಚಳಿ ಹಿಡಿದು, ಮಾತು ನಿಧಾನವಾಗಿ, ಬುದ್ಧಿ ಮಂದವಾಗಿದ್ರು.

ಹಿರಿಯರು: ಆಮೇಲೆ? ಮುಚ್ಚಿಟ್ಟನಾ?

ಕಿರಿಯಳು: 1883ರಲ್ಲಿ ಸರ್ಜನ್ನುಗಳ ಸಭೆಯಲ್ಲಿ ಎದ್ದು ನಿಂತು ತಾನೇ ಹೇಳಿದ, ಬರೆದು ಪ್ರಕಟಿಸಿದ. ಥೈರಾಯ್ಡ್ ಅಂದ್ರೆ ಏನು ಕೆಲಸ ಮಾಡುತ್ತೆ ಅಂತ ಲೋಕಕ್ಕೆ ತಿಳಿಯೋಕೆ ಆ ತಪ್ಪೊಪ್ಪಿಗೆಯೂ ದಾರಿಯಾಯ್ತು. 1909ರಲ್ಲಿ ಅವನಿಗೆ ನೊಬೆಲ್ ಬಂತು.

ಹಿರಿಯರು: ಶಹಬಾಸ್. ನಾಟಕ ಮುಗಿದ ಮೇಲೆ ಪರದೆ ಎತ್ತಿ 'ಇಲ್ಲಿ ತಪ್ಪಿದೆ' ಅಂದೋನು. ಅಂಥೋನು ಸಿಕ್ಕಿದ್ರೆ ನಾಳೆಯೇ ಕತ್ತು ಕೊಡ್ತೀನಿ.

ಕಿರಿಯಳು: ಸರಿ, ಕತ್ತಿನ ಮಾತು ಅಲ್ಲಿಗೆ ನಿಲ್ಲಲಿ. ನೀವು ಕಾಫಿ ಕುಡಿಯುವಾಗ ಎಡಗಡೆಗೆ ಹಾಕದೆ ಬಲಕ್ಕೇ ಹೊರಳಿಸಿಕೊಳ್ತಿದ್ದೀರಿ. ಯಾಕೆ?

ಹಿರಿಯರು: ಏನಿಲ್ಲ. ಹಲ್ಲು ಚುಚ್ಚಿ ಒಂದು ಹುಣ್ಣು. ಖಾರ, ಬಿಸಿ ತಾಗಿದ್ರೆ ಉರಿಯುತ್ತೆ.

ಕಿರಿಯಳು: ಯಾವಾಗಿಂದ?

ಹಿರಿಯರು: ದೀಪಾವಳಿಗೆ ಇತ್ತು.

ಕಿರಿಯಳು: ದೀಪಾವಳಿ ಆಗಿ ಮೂರು ತಿಂಗಳಾಯ್ತು ಮಾವ! ಇಲ್ಲಿ ನೋಡಿ, ತೋರುಬೆರಳು, ನಡುಬೆರಳು, ಉಂಗುರಬೆರಳು, ಮೂರನ್ನೂ ಜೋಡಿಸಿ, ಹೀಗೆ ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲಿನ ನಡುವೆ ಇಡಿ.

(ಹಿರಿಯರು ಪ್ರಯತ್ನಿಸಿದರು. ಎರಡು ಬೆರಳು ಹೋದವು. ಮೂರನೆಯದು ಹೋಗಲಿಲ್ಲ. ಅವಳು ಮೊಬೈಲಿನ ಬೆಳಕು ಹಿಡಿದು ನೋಡಿದಳು. ಎಡಕೆನ್ನೆಯ ಒಳಗೆ, ಅಡಿಕೆ ಒತ್ತರಿಸಿ ಇಡುವ ಜಾಗದಲ್ಲೇ, ಕಡಲೆಬೇಳೆಯಷ್ಟು ಬಿಳಿ ಮಚ್ಚೆ, ನಡುವೆ ಕೆಂಪು ಗೀರು. ಸುತ್ತಲಿನ ಚರ್ಮ ಹಗ್ಗದಂತೆ ಬಿಗಿದಿತ್ತು.)

ಹಿರಿಯರು: ಬಾಯಿ ಹಿಡಿದಿದೆ ಸ್ವಲ್ಪ. ವಯಸ್ಸಾಯ್ತು ಅಂದ್ಕೊಂಡೆ.

ಕಿರಿಯಳು: ವಯಸ್ಸಲ್ಲ, ಅಡಿಕೆ. ಅದರ ಸಾರಕ್ಕೆ ಕೆನ್ನೆಯ ಒಳಚರ್ಮದಲ್ಲಿ ನಾರು ಕಟ್ಟುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ, ತಂಬಾಕು ಇಲ್ಲದಿದ್ರೂ ಅಡಿಕೆ ಕ್ಯಾನ್ಸರ್‌ಕಾರಕ ಅಂತ. ನೀವು ಅದರ ಜೊತೆ ಕಡ್ಡಿಪುಡಿಯನ್ನೂ ಸೇರಿಸಿದ್ದೀರಿ.

ಹಿರಿಯರು: ಅಡಿಕೆ ಬಗ್ಗೆ ಹುಷಾರಾಗಿ ಮಾತಾಡಮ್ಮ. ದೇವರಿಗಿಡೋದು, ಮದುವೆಗೆ ಕರೆಯೋದು, ಬಂದೋರನ್ನ ಕಳಿಸೋದು ಎಲ್ಲ ಅದರಲ್ಲೇ.

ಕಿರಿಯಳು: ದೇವರ ಮುಂದಿಟ್ಟ ಅಡಿಕೆ ಯಾರ ಕೆನ್ನೆಯಲ್ಲೂ ರಾತ್ರಿಯಿಡೀ ಕೂರಲ್ಲ ಮಾವ.

ಹಿರಿಯರು: ನಿನ್ನ ನರ್ಸಿಂಗ್ ಕಾಲೇಜಿನ ಫೀಸು ಎಲ್ಲಿಂದ ಬಂತು? ನಿಮ್ಮಪ್ಪ ತೀರಿಕೊಂಡ ವರ್ಷ ಈ ಅಂಗಳದ ಅಡಿಕೆ ಮಾರಿ ಕಟ್ಟಿದ್ದು ನಾನು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಲ್ಲಿಸಿದ್ರು, ಅಂಗಡಿಯೋನು ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಬೇರೆಬೇರೆ ಮಾರಿದ. ತಿನ್ನೋನು ಅಂಗೈಯಲ್ಲಿ ಬೆರೆಸಿಕೊಂಡ. ಕೊನೆಗೆ ಬೈಗುಳ ತಿಂದೋನು ಮಾತ್ರ ತೋಟದೋನು. ಗುಬ್ಬಿಯಲ್ಲಿ ಅಡಿಕೆ ಬಿಟ್ಟು ಏನು ಬೆಳೀಬೇಕು, ಅದನ್ನೂ ಹೇಳು.

ಕಿರಿಯಳು: ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಾನು ತೋಟದ ಬಗ್ಗೆ ಮಾತಾಡ್ತಿಲ್ಲ, ಈ ಒಂದು ಕೆನ್ನೆಯ ಬಗ್ಗೆ ಮಾತಾಡ್ತಿದ್ದೀನಿ. ನಾಳೆಯೇ ತುಮಕೂರಿಗೆ ಬನ್ನಿ. ಚಿಕ್ಕ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು.

ಹಿರಿಯರು: ಕಬ್ಬಿಣ ತಾಗಿದ್ರೆ ಕೆರಳುತ್ತೆ ಅಂತಾರೆ.

ಕಿರಿಯಳು: ಚೂರು ತೆಗೆದಿದ್ದಕ್ಕೆ ಹರಡಲ್ಲ, ಹರಡಿದ್ದು ಆಗ ಗೊತ್ತಾಗುತ್ತೆ. ಜನ ಬರೋದೇ ತಡವಾಗಿ, ಆಮೇಲೆ ಚಾಕುವಿನ ಮೇಲೆ ತಪ್ಪು ಹೊರಿಸ್ತಾರೆ.

ಹಿರಿಯರು: ನಮ್ಮ ಕಂಪನಿಯ ರಾಜಾಪಾರ್ಟಿನೋನಿಗೆ ಇದೇ ಆಗಿತ್ತು. ಕೆಳದವಡೆ ಅರ್ಧ ತೆಗೆದ್ರು, ಕತ್ತಿನ ಗಂಟುಗಳನ್ನೂ ತೆಗೆದ್ರು, ಕರೆಂಟು ಕೊಟ್ರು. ನಾಲ್ಕು ವರ್ಷ ಬದುಕಿದ. ಮುದ್ದೆ ಅಗಿಯೋದಲ್ಲ, ನುಂಗೋದು, ಹಾಗಾಗಿ ಉಂಡ. ಹೆಂಡತಿ ಗೋಲಿಯಷ್ಟು ಚಿಕ್ಕದು ಮಾಡಿ ಬಸ್ಸಾರಿನಲ್ಲಿ ಅದ್ದಿ ಕೊಡ್ತಿದ್ದಳು. ಆದರೆ ಜನರ ಮುಂದೆ ಉಣ್ಣಲಿಲ್ಲ. ಕಿರೀಟ ಇಟ್ಟ ಮುಖ ಟವೆಲ್ ಕಟ್ಟಿಕೊಂಡೇ ಹೋಯ್ತು. ಅದು ಬದುಕಾ?

ಕಿರಿಯಳು: ಎಷ್ಟು ತಿಂಗಳು ಬಿಟ್ಟು ತೋರಿಸಿದ್ರು?

ಹಿರಿಯರು: ಎಂಟು ತಿಂಗಳು. ಸೀಸನ್ ಮುಗೀಲಿ ಅಂತ ಕಾದ.

ಕಿರಿಯಳು: ಆ ಎಂಟು ತಿಂಗಳೇ ದವಡೆ ತಿಂದದ್ದು. ಬೇಗ ಬಂದಿದ್ರೆ ಕೆನ್ನೆಯ ಒಂದು ತುಂಡಿನಲ್ಲಿ ಮುಗೀತಿತ್ತೇನೋ. ಈಗ ದವಡೆ ಹೋದರೂ ಕಾಲಿನ ಸಣ್ಣ ಮೂಳೆ ತಂದು ಕೂರಿಸ್ತಾರೆ. ಮುಂಬೈನ ಟಾಟಾ ಆಸ್ಪತ್ರೆಯೋರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, ಜಗತ್ತೇ ಅದನ್ನ ಪಾಲಿಸ್ತಿದೆ. ಬಾಯಿ ಕ್ಯಾನ್ಸರ್ ಆರಂಭದಲ್ಲೇ ಸಿಕ್ಕಿದ್ರೂ ಕತ್ತಿನ ಲಿಂಫ್ ಗಂಟುಗಳನ್ನ ಆಗಲೇ ತೆಗೀಬೇಕಾ, ಊದಿದ ಮೇಲೆ ತೆಗೀಬೇಕಾ ಅಂತ ಪ್ರಶ್ನೆ. ಆಗಲೇ ತೆಗೆಸಿಕೊಂಡೋರಲ್ಲಿ ಮೂರು ವರ್ಷದ ನಂತರ ನೂರಕ್ಕೆ 80 ಜನ ಬದುಕಿದ್ರು. ಕಾದವರಲ್ಲಿ 67.5.

ಹಿರಿಯರು: ಉಳಿದ ಇಪ್ಪತ್ತು?

ಕಿರಿಯಳು: ಉಳೀಲಿಲ್ಲ.

ಹಿರಿಯರು: ಆ ಎಂಬತ್ತರಲ್ಲಿ ಹಾಡಿದವರೆಷ್ಟು? ಮೊಮ್ಮಗನ ಮುಂದೆ ಕೂತು ಉಂಡವರೆಷ್ಟು?

ಕಿರಿಯಳು: ನೀವು ಒಪ್ಪಿಸಿಬಿಟ್ರಿ. ಬದುಕಿದವರನ್ನ ಎಣಿಸೋದು ಸುಲಭ, ಬದುಕನ್ನ ಎಣಿಸೋದು ಕಷ್ಟ. ಅದಕ್ಕೂ ತಲೆ ಕೆಡಿಸಿಕೊಂಡವರಿದ್ದಾರೆ. ಗಂಟಲ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆದ ಮೇಲೆ ಮಾತಾಡೋಕೆ ಒಂದು ಪುಟ್ಟ ಕವಾಟ ಇಡ್ತಾರೆ. ಹೊರದೇಶದ್ದಕ್ಕೆ ಸಾವಿರಾರು ರೂಪಾಯಿ, ಅದನ್ನೂ ಆಗಾಗ ಬದಲಾಯಿಸಬೇಕು. ಬೆಂಗಳೂರಿನ ಸರ್ಜನ್ ಡಾ. ವಿಶಾಲ್ ರಾವ್ ಗೆಳೆಯನೊಬ್ಬನ ಜೊತೆ ಸೇರಿ ಸುಮಾರು 50 ರೂಪಾಯಿಗೇ ಅಂಥದ್ದು ಮಾಡಿದ್ರು. ಓಂ ಅಂತ ಹೆಸರು ಇಟ್ಟರು. ನನ್ನ ಮಾತು ಇಷ್ಟೇ, ಕತ್ತಿನ ಗಂಟಿಗೆ ಕಾಯೋ ಪುರುಸೊತ್ತಿದೆ, ಕೆನ್ನೆಯ ಹುಣ್ಣಿಗೆ ಇಲ್ಲ. ಊರೋರೆಲ್ಲ ನಿಮ್ಮ ಗಂಟು ನೋಡಿ ಹೆದರಿಸಿದ್ರು. ಹೆದರಬೇಕಾದ್ದನ್ನ ನೀವು ಎಲೆಅಡಿಕೆಯ ಕೆಳಗೆ ಬಚ್ಚಿಟ್ಟಿದ್ರಿ.

ಹಿರಿಯರು: ಖರ್ಚು?

ಕಿರಿಯಳು: ಬಿಪಿಎಲ್ ಕಾರ್ಡಿದೆಯಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ, ಬೇಕಾದ್ರೆ ಅಲ್ಲಿಂದಲೇ ರೆಫರಲ್ ಬರೆಸಿಕೊಳ್ಳೋಣ. ಬಯಾಪ್ಸಿ ಕೆಟ್ಟದು ಬಂದ್ರೆ ಕಿದ್ವಾಯಿಗೆ ಹೋಗೋಣ. 1973ರಿಂದ ಅದೇ ಕೆಲಸ ಮಾಡ್ತಿರೋ ಜಾಗ, ಚಾಕು, ಕರೆಂಟು, ಔಷಧಿ ಮೂರೂ ಒಂದೇ ಕಡೆ.

ಹಿರಿಯರು: ಬಾಯಿಗೆ ಬರ್ತೀನಿ. ಕತ್ತಿಗೆ ಈಗಲೇ ಒಪ್ಪಲ್ಲ. ಸೂಜಿ ಪರೀಕ್ಷೆ ಇನ್ನೊಂದು ಸಲ ಆಗಲಿ. ಈ ಸಲ ಹೇಳಿದ ದಿನಕ್ಕೇ ಬರ್ತೀನಿ.

ಕಿರಿಯಳು: ಮೂರನೇ ದರ್ಜೆಗೆ ಮತ್ತೊಂದು ಸಲ ಸೂಜಿ ಹಾಕೋದೂ ಸರಿಯಾದ ದಾರಿಯೇ. ಡಾಕ್ಟರಿಗೆ ಕೇಳ್ತೀನಿ. ಆಮೇಲೂ ತೆಗೀಬೇಕು ಅಂದ್ರೆ?

ಹಿರಿಯರು: ಆಗ ನಾಲ್ಕು ಪ್ರಶ್ನೆ ಕೇಳ್ತೀನಿ. ಆ ಲಗ್ನಪತ್ರಿಕೆ ಕೊಡು, ಹಿಂದುಗಡೆ ಬರ್ಕೋ. ಒಂದು, ವರ್ಷಕ್ಕೆ ಎಷ್ಟು ಮಾಡ್ತೀರಿ. ಎರಡು, ನಿಮ್ಮ ಕೈಯಲ್ಲಿ ಎಷ್ಟು ಜನರ ಧ್ವನಿ ಹೋಗಿದೆ, ಎಷ್ಟು ಜನಕ್ಕೆ ಕ್ಯಾಲ್ಸಿಯಂ ಇಳಿದಿದೆ. ಮೂರು, ರಾತ್ರಿ ಎರಡು ಗಂಟೆಗೆ ಕತ್ತು ಊದಿದ್ರೆ, ಬೆರಳು ಜುಮುಗುಟ್ಟಿದ್ರೆ ಫೋನ್ ಎತ್ತೋರು ಯಾರು. ನಾಲ್ಕು, ಒಂದು ವರ್ಷ ಆದಮೇಲೆ ನನ್ನನ್ನ ಕರೆಸಿ ಮೇಲಿನ ಸ್ವರ ಹಾಡಿಸಿ ಕೇಳ್ತೀರಾ.

ಕಿರಿಯಳು: ನಾಲ್ಕನೇದಕ್ಕೆ ಡಾಕ್ಟರು ನಗ್ತಾರೆ ಮಾವ.

ಹಿರಿಯರು: ನಗಲಿ. ಕೋಚರ್ ನಗ್ತಿರಲಿಲ್ಲ.

ಕಿರಿಯಳು: ಹಾಗಿದ್ರೆ ನನ್ನದೂ ಒಂದು ಷರತ್ತು. ಆ ಕಡ್ಡಿಪುಡಿ ಡಬ್ಬಿ ನನ್ನ ಕೈಗೆ ಕೊಡಿ.

ಹಿರಿಯರು: ಕಡ್ಡಿಪುಡಿ ತಗೊಂಡು ಹೋಗು. ಅಡಿಕೆ ವಿಚಾರ ನಾಳೆ ಬಸ್ಸಿನಲ್ಲಿ ಮಾತಾಡೋಣ.

ಡಬ್ಬಿ ಅವಳ ಬ್ಯಾಗು ಸೇರಿತು. ಹಿರಿಯರ ಜುಬ್ಬದ ಜೇಬಿನಲ್ಲಿ ಎರಡು ಗೋಟಡಿಕೆ ಇನ್ನೂ ಇತ್ತು, ಅದನ್ನು ಇಬ್ಬರೂ ಬಲ್ಲರು. ಯಾರು ಗೆದ್ದರು ಎಂದು ಕೇಳಿದರೆ ಹೇಳುವುದು ಕಷ್ಟ. ಕತ್ತಿನ ಗಂಟಿಗೆ ಇನ್ನೊಂದು ಸೂಜಿ, ಕೆನ್ನೆಯ ಹುಣ್ಣಿಗೆ ಬೆಳಗಿನ ಮೊದಲ ಬಸ್ಸು ಎಂದು ತೀರ್ಮಾನವಾಯಿತು, ಅಷ್ಟೇ.

ಓದುವವರಿಗೊಂದು ಮಾತು. ಇಂದು ರಾತ್ರಿ ಕನ್ನಡಿಯ ಮುಂದೆ ನಿಂತು ಒಂದು ಗುಟುಕು ನೀರು ನುಂಗಿ ಕತ್ತು ನೋಡಿಕೊಳ್ಳಿ. ಆಮೇಲೆ ಮೂರು ಬೆರಳು ಜೋಡಿಸಿ ಬಾಯಿಗೆ ಇಟ್ಟು ನೋಡಿ. ಕತ್ತಿನಲ್ಲಿ ಗಂಟು ಕಂಡರೆ ಗಾಬರಿ ಬೇಡ, ತೋರಿಸಿ, ನಾಲ್ಕು ಪ್ರಶ್ನೆ ಕೇಳಿ, ಯೋಚಿಸಿ. ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ಮೂರನೆಯ ಬೆರಳು ಒಳಗೆ ಹೋಗದಿದ್ದರೆ, ಯೋಚನೆಯನ್ನು ಬಸ್ಸು ಹತ್ತಿದ ಮೇಲೆ ಮಾಡಿ.